ಒತ್ತು ಎಲ್ಲಿ ಬೀಳುತ್ತದೆ

ಹಗಲೆಲ್ಲ ಬೆಟಗೇರಿಯ ಫ್ಲೆಕ್ಸ್ ಅಂಗಡಿಯಲ್ಲಿ
ಹುಟ್ಟುಹಬ್ಬದ ಸಾಹೇಬರ ಕೆನ್ನೆ ಬೆಳ್ಳಗೆ ಮಾಡುತ್ತೇನೆ.
ಶಟರ್ ಅರ್ಧ ಎಳೆದ ಮೇಲೆ ಅದೇ ಕಂಪ್ಯೂಟರಿನಲ್ಲಿ
ಅಂಬಾಬಾಯಿ ಬಾಕಳೆ.
ಎಪ್ಪತ್ತೆಂಟರ ನೇಕಾರರ ಮುಷ್ಕರ,
ಒಂದು ನಿಮಿಷ ನಲವತ್ತೇಳು ಸೆಕೆಂಡು,
ಯಾರದೋ ಟ್ರಂಕಿನಲ್ಲಿ ಉಳಿದ ಕ್ಯಾಸೆಟ್ಟು.

ಕಾಲೇಜಿನ ಪ್ರಾಜೆಕ್ಟು: ಭಾಷಣದ ಅಕ್ಷರಗಳು ಪರದೆಯ ಮೇಲೆ
ನಡೆಯಬೇಕು, ದನಿ ನಡೆದ ಹಾಗೆ.
ಕುಣಿಸಬೇಡ, ಎಂದಿದ್ದಾರೆ ಮೇಡಂ. ಮೊದಲು ಕೇಳು,
ಉಸಿರು ಎಲ್ಲಿ, ಒತ್ತು ಎಲ್ಲಿ.

ಕೇಳಿದೆ. ಇನ್ನೂರು ಸಲವಾದರೂ ಆಗಿರಬೇಕು.
"ನೂಲು ನಮ್ಮದು. ಗಂಟು ಯಾರದು?"
ನೂ ಎಳೆಯುತ್ತಾಳೆ, ಲಾಳಿ ಆಚೆ ದಡ ಮುಟ್ಟುವಷ್ಟು ಹೊತ್ತು.
ಗಂಟು ಬಂದಾಗ ಕತ್ತರಿ ಆಡಿಸಿದಂತೆ ತಟಕ್ಕನೆ.
ಹನ್ನೊಂದನೆಯ ಸೆಕೆಂಡಿಗೆ ಯಾರೋ ಕೆಮ್ಮುತ್ತಾರೆ.
ಮೂವತ್ತಕ್ಕೆ ಹುಬ್ಬಳ್ಳಿ ಗಾಡಿ, ಉದ್ದನೆಯ ಸಿಳ್ಳು;
ಅದು ದಾಟುವ ತನಕ ಅದೇ ಮಾತು ಎರಡು ಸಲ ಅಂದಳು.
ಓದಿದವರು ಅದಕ್ಕೆ ಪುನರುಕ್ತಿಯ ಸೊಗಸು ಅಂತ ಹೆಸರಿಟ್ಟಿದ್ದಾರೆ.

ಅಕ್ಷರ ಬಿಡಿಸುವ ಗುಂಡಿ ಒತ್ತಿದೆ.
ಈ ಸಾಫ್ಟ್‌ವೇರಿಗೆ ಕನ್ನಡ ಬರುವುದಿಲ್ಲ.
ನ್ಯಾಯದ ಯ-ಒತ್ತು ಕಳಚಿ ಕೆಳಗೆ ಬಿತ್ತು,
ಹಕ್ಕು ನಡುವೆ ಸೀಳಿ
ಅದರ ಕೊಂಬು ಮೂಲೆಯಲ್ಲಿ ಒಂಟಿಯಾಗಿ,
ಹಸು ಎಲ್ಲಿ ಹೋಯಿತೋ.
ಒಂದೊಂದನ್ನೇ ಎತ್ತಿ ಕೈಯಿಂದ ಜೋಡಿಸಿದೆ,
ಹರಿದ ಎಳೆಯನ್ನು ಅವ್ವ ಉಗುಳು ಹಚ್ಚಿ ಹೊಸೆಯುವ ಹಾಗೆ.

ಕೊನೆಗೆ ಎಲ್ಲರಿಗೂ ಬಾಯಿಗೆ ಬರುವ ಮಾತು:
"ಕುಣಿಮಗ್ಗದಾಗ ಸೊಂಟದ ತನಕ ಹೂತಗೊಂಡು ಕುಂತೀವಿ.
ಇನ್ನರ್ಧಾ ಹೂಳಾಕ ಬಂದೀರೇನು?"

ಆಮೇಲೆ ನಾಲ್ಕು ಸೆಕೆಂಡು
ಏನೂ ಇಲ್ಲ. ದನಿಯ ಗೆರೆ ಸಪಾಟು,
ಹೊಕ್ಕು ಬೀಳದ ಹಾಸಿನಂತೆ.
ಆಮೇಲೆ, "ಇಷ್ಟಽ ನನ್ನ ಮಾತು." ಚಪ್ಪಾಳೆ.

ಆ ಮೌನದ ಮೇಲೆ ಧಾರವಾಡದಲ್ಲಿ ಎರಡು ಪ್ರಬಂಧ ಬಂದಿವೆ.
ಒಂದು ಅದನ್ನು ಶೋಕ ಎನ್ನುತ್ತದೆ, ಇನ್ನೊಂದು ತಂತ್ರ.
ನಾನೂ ಕಪ್ಪು ಪರದೆ ಇಟ್ಟೆ. ಚೆನ್ನಾಗಿಯೇ ಕಂಡಿತು.

ಮೈಕ್ ಅಂಗಡಿಯ ಈರಸಂಗಪ್ಪ ಹೊಂಬಳ
ಹೆಂಡತಿಯ ವರ್ಷದ ಫ್ಲೆಕ್ಸಿಗೆ ಫೋಟೊ ಕೊಡಲು
ಶಟರಿನ ಕೆಳಗೆ ಬಗ್ಗಿ ಒಳಗೆ ಬಂದರು. ಕೇಳುತ್ತ ನಿಂತರು.
"ಅಲ್ಲೇ ವೈರ್ ಕಿತ್ತಾಂವ ನಾನಽ, ಯವ್ವಾ.
ಫೌಜದಾರ ಬಾಜೂಕ ನಿಂತಿದ್ದ. ಕೈ ನಡಗ್ತು, ಕಿತ್ತೆ.
ಆಕಿ ನಿಂದರಲಿಲ್ಲ. ಬಾಯಿ ಆಡತಿತ್ತು.
ನಾಚಿಕಿ ಬಂತು, ತಿರುಗಿ ಚುಚ್ಚಿದೆ."

ಆಗ ಏನಂದರು?

"ಮುಂದ ಕುಂತವರಿಗೆ ಗೊತ್ತು."
ತಂದ ಫೋಟೊ ಮೇಜಿನ ಮೇಲೆ ಇಟ್ಟು ಸರಿಮಾಡಿದರು.
"ಇಕಿ ಕುಂತಿದ್ಲು ಮುಂದ. ನಮ್ಮ ಲಗ್ನ ಆಗಿದ್ದಿಲ್ಲ ಆವಾಗ.
ನಾ ಎಂದೂ ಕೇಳಲಿಲ್ಲ. ಇಕಿ ಎಂದೂ ಹೇಳಲಿಲ್ಲ."
ಆಮೇಲೆ ಚದರಡಿಗೆ ಎಷ್ಟು ಅಂತ ಕೇಳಿ
ಎರಡು ರೂಪಾಯಿ ಇಳಿಸಿ ಹೋದರು.

ಅವ್ವನನ್ನು ಕೇಳಿದರೆ ಆಕೆಗೆ ಆಗ ಏಳು ವರ್ಷ,
ಹಿಂದಿನ ಸಾಲಿನಲ್ಲಿ ಪುಠಾಣಿ ತಿನ್ನುತ್ತಿದ್ದಳಂತೆ.

ಆ ಹೆಂಗಸಿನ ಕೆನ್ನೆಯನ್ನು ಬೆಳ್ಳಗೆ ಮಾಡಲಿಲ್ಲ.
ನೀರಜವ್ವ ಎಂದು ಹೆಸರು ಹಾಕಿದೆ, ವ-ಒತ್ತು ಸರಿಯಾಗಿ ಬಿದ್ದಿದೆಯೇ
ಅಂತ ಎರಡು ಸಲ ನೋಡಿದೆ.

ಆಮೇಲೆ ಕಪ್ಪು ಪರದೆ ಅಳಿಸಿದೆ.

ಅಕ್ಷರವಿಲ್ಲದೆ ಬರೀ ಒತ್ತನ್ನು ಟೈಪು ಮಾಡಿದರೆ
ಕಂಪ್ಯೂಟರು ತಾನೇ ಚುಕ್ಕಿ ಚುಕ್ಕಿಯ ಸೊನ್ನೆ ಬಿಡಿಸುತ್ತದೆ,
ಇಲ್ಲಿ ಯಾರೋ ಇರಬೇಕಿತ್ತು ಎನ್ನುವಂತೆ.
ದೋಷ ಅಂದುಕೊಂಡು ಎಷ್ಟು ಸಲ ಅಳಿಸಿದ್ದೆನೋ.
ಈಗ ನಾಲ್ಕು ಸೆಕೆಂಡು ಅದೊಂದೇ,
ತೆರೆದ ಬಾಯಿಯಷ್ಟು ಅಗಲ,
ನಿಲ್ಲದೆ ಸಣ್ಣಗೆ ಅಲುಗುತ್ತ.